ಹತ್ತನೇ ಕ್ಲಾಸಿನಲ್ಲಿ ಕಲಿತದ್ದು ಪದವಿ ಹಾಸ್ಟೆಲಿನಲ್ಲಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನಾನು ಸಕಲೇಶಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಪ್ರಾರ್ಥನೆ, ಸಂವಿಧಾನ ಪೀಠಿಕೆಯ ಓದು, ದಿನಕ್ಕೊಂದು ಸುಭಾಷಿತ, ವಾರಕ್ಕೊಂದು ಮೌಲ್ಯ ಶಿಕ್ಷಣದ ಪೀರಿಯಡ್ ಎಲ್ಲವೂ ನಮ್ಮಲ್ಲಿ ತಪ್ಪದೆ ನಡೆಯುತ್ತವೆ. ಒಂದೇ ಸಾಲಿನಲ್ಲಿ ಕೂತು ಬಿಸಿಯೂಟ ಮಾಡಿದ ಹುಡುಗರೇ ಹಾಸನದ ಕಾಲೇಜು, ಹಾಸ್ಟೆಲ್ ಸೇರಿದ ಮೇಲೆ ಜಾತಿವಾರು ಗುಂಪಾಗುತ್ತಾರೆ, ಜೂನಿಯರ್‌ಗಳನ್ನು ಗೋಳುಹೊಯ್ದುಕೊಳ್ಳುತ್ತಾರೆ, ವಾಟ್ಸಾಪಿನಲ್ಲಿ ಬೈದಾಡುತ್ತಾರೆ ಎಂದು ಕೇಳುತ್ತಿರುತ್ತೇನೆ. ಶಾಲೆಯ ಮೌಲ್ಯಕ್ಕೂ ವಿಶ್ವವಿದ್ಯಾಲಯದ ಶಾಂತಿಗೂ ನಿಜಕ್ಕೂ ಸಂಬಂಧವಿದೆಯೆ? ಇದ್ದರೆ ನಾವು ಹತ್ತನೇ ತರಗತಿಯೊಳಗೆ ಏನು ಮಾಡಬೇಕು? ಒಂದು ‘ಶಾಂತಿ ಸಂಘ’ ಮಾಡಿದರೆ ಆದೀತೆ?

ಉತ್ತರ:

ಸಂಬಂಧ ಇದೆ ಮೇಷ್ಟ್ರೇ. ಆದರೆ ಸುಭಾಷಿತದ ಬೋರ್ಡಿನಿಂದ ಹಾಸ್ಟೆಲ್ ರೂಮಿಗೆ ನೇರ ದಾರಿಯಿಲ್ಲ. ಶಾಲೆಯಲ್ಲಿ ಕಿವಿಗೆ ಬಿದ್ದದ್ದು ಬೇಗ ಸವೆಯುತ್ತದೆ, ಮಾಡಿ ಮಾಡಿ ರೂಢಿಯಾದದ್ದು ಬಹುಕಾಲ ಉಳಿಯುತ್ತದೆ. ಜಗಳವಾದಾಗ ಮೊದಲು ಯಾರ ಹತ್ತಿರ ಹೋಗಬೇಕು, ಎದುರಿನವನ ಮಾತು ಮುಗಿಯುವ ತನಕ ಹೇಗೆ ಸುಮ್ಮನಿರಬೇಕು, ಒಪ್ಪದ ಮಾತನ್ನು ಮುಖ ಕೆಡಿಸಿಕೊಳ್ಳದೆ ಹೇಗೆ ಹೇಳಬೇಕು, ತಪ್ಪಾದರೆ ಅದನ್ನು ಹೇಗೆ ಸರಿಮಾಡಿಕೊಡಬೇಕು: ಹುಡುಗರು ಶಾಲೆಯಿಂದ ಹೊತ್ತೊಯ್ಯುವುದು ಇಂಥ ಕೆಲಸಗಳನ್ನು. ಇವು ಪರೀಕ್ಷೆಗೆ ಬರೆಯುವ ಉತ್ತರಗಳಲ್ಲ, ಕೈಗೆ ಹತ್ತಬೇಕಾದವು.

ಹೀಗೆಂದು ಗೊತ್ತಾಗಿ ಹತ್ತಿರ ಹತ್ತಿರ ನೂರು ವರ್ಷವಾಯಿತು. 1920ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ ಸುಮಾರು 11,000 ಶಾಲಾಮಕ್ಕಳನ್ನು ಪರೀಕ್ಷಿಸಿದರು. ಮಕ್ಕಳಿಗೆ ತಿಳಿಯದಂತೆ ಕಾಪಿ ಹೊಡೆಯಲು, ಸುಳ್ಳು ಹೇಳಲು ಅವಕಾಶವಿಟ್ಟು ನೋಡಿದರು. ‘ಮೋಸ ತಪ್ಪು’ ಎಂದು ಚೆನ್ನಾಗಿ ಹೇಳಬಲ್ಲ ಮಗು ಮೋಸ ಮಾಡುವುದಿಲ್ಲ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆ ಹಾಗಿರಲಿಲ್ಲ. ಸಿಕ್ಕಿಬೀಳುವ ಭಯ ಎಷ್ಟಿದೆ, ಆ ಕ್ಲಾಸಿನ ವಾತಾವರಣ ಹೇಗಿದೆ ಎಂಬುದರ ಮೇಲೆ ಬಹಳಷ್ಟು ನಿಂತಿತ್ತು. ಅವರ ವರದಿಗಳು 1928ರಿಂದ 1930ರ ನಡುವೆ ಬಂದವು. ಆಮೇಲೂ ನಾವು ‘ಸತ್ಯವನ್ನೇ ನುಡಿ’ ಎಂದು ಗೋಡೆಗೆ ಬರೆಸುವುದನ್ನು ಬಿಟ್ಟಿಲ್ಲ. ಬರೆಸಿ, ತೊಂದರೆಯಿಲ್ಲ. ಅದರಿಂದ ಕಾಲೇಜಿನ ಜಗಳ ಕಡಿಮೆಯಾಗಲಿ ಎಂದು ಕಾಯಬೇಡಿ, ಅಷ್ಟೆ.

ಶಾಂತಿ ಎಂದರೆ ಏನು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಾರ್ವೆಯ ಶಾಂತಿ ಅಧ್ಯಯನಕಾರ ಯೋಹಾನ್ ಗಾಲ್ಟುಂಗ್ 1969ರಲ್ಲಿ ಎರಡು ಬಗೆಯ ಶಾಂತಿಯನ್ನು ಬಿಡಿಸಿ ತೋರಿಸಿದರು. ಹೊಡೆದಾಟ ಇಲ್ಲದಿರುವುದು ಒಂದು. ಅನ್ಯಾಯವನ್ನು ಹೇಳಿಕೊಳ್ಳಲು, ತಿದ್ದಿಕೊಳ್ಳಲು ದಾರಿಯಿರುವುದು ಇನ್ನೊಂದು. ಸಿಸಿ ಕ್ಯಾಮೆರಾ, ವಾರ್ಡನ್ ಭಯ, ಸಸ್ಪೆನ್ಷನ್ ಬೆದರಿಕೆಯಿಂದ ಗಪ್‌ಚಿಪ್ ಆದ ಹಾಸ್ಟೆಲಿನಲ್ಲಿ ಮೊದಲನೆಯದು ಇರಬಹುದು. ಅದೇ ಹಾಸ್ಟೆಲಿನ ಮೂಲೆ ರೂಮಿನಲ್ಲಿ ಒಬ್ಬ ಹುಡುಗ ವರ್ಷವಿಡೀ ಬೇರೆಯವರ ಬಟ್ಟೆ ಒಗೆಯುತ್ತಿರಬಹುದು. ವಿಶ್ವಸಂಸ್ಥೆ 1999ರ ಸೆಪ್ಟೆಂಬರ್ 13ರಂದು ಒಪ್ಪಿದ ಶಾಂತಿ ಸಂಸ್ಕೃತಿಯ ಘೋಷಣೆಯೂ ಮೌಲ್ಯ, ಮನೋಭಾವದ ಜೊತೆಗೆ ನಡವಳಿಕೆ, ಬದುಕುವ ರೀತಿಯನ್ನು ಸೇರಿಸಿಯೇ ಹೇಳುತ್ತದೆ.

ಈಗ ಸ್ವಲ್ಪ ಕಹಿಯಾದ ವಿಷಯ. ಹಾಸ್ಟೆಲಿನ ಎಷ್ಟೋ ಕಾಟಗಳು ಶಾಲೆಯ ಮೌಲ್ಯ ಮರೆತದ್ದರಿಂದ ಹುಟ್ಟುವುದಿಲ್ಲ. ಶಾಲೆಯಲ್ಲಿ ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಹುಟ್ಟುತ್ತವೆ. ‘ಹಿರಿಯರಿಗೆ ಎದುರಾಡಬಾರದು’ ಎಂದು ಹತ್ತು ವರ್ಷ ಕಲಿಸಿರುತ್ತೇವೆ. ಎರಡನೇ ವರ್ಷದ ಹುಡುಗ ‘ಸೀನಿಯರ್‌ಗೆ ಮರ್ಯಾದೆ ಕೊಡೋದು ಕಲ್ತಿಲ್ವಾ?’ ಎಂದು ಗದರಿದಾಗ ಅವನು ಎಳೆಯುವುದು ಇದೇ ದಾರವನ್ನು, ಜೂನಿಯರ್ ತಲೆ ತಗ್ಗಿಸುವುದೂ ಇದರಿಂದಲೇ. ‘ಚಾಡಿ ಹೇಳಬಾರದು’ ಎಂಬುದು ಕಾಟ ಕಂಡವರ ಬಾಯಿ ಹೊಲಿಯುತ್ತದೆ. ‘ಗೆಳೆಯನನ್ನು ಬಿಟ್ಟುಕೊಡಬಾರದು’ ಎಂಬುದು ಯಾರದೋ ಬೈಕ್ ತಾಗಿದ ಜಗಳಕ್ಕೆ ಇಪ್ಪತ್ತು ಜನರನ್ನು ಬಸ್‌ಸ್ಟ್ಯಾಂಡಿಗೆ ಕರೆತರುತ್ತದೆ. ‘ಹೊಂದಿಕೊಂಡು ಹೋಗು’ ಎಂಬುದನ್ನು ನಾವು ಹೇಳುವುದೇ ಸಾಮಾನ್ಯವಾಗಿ ಪೆಟ್ಟು ತಿಂದವರಿಗೆ, ಅದರಲ್ಲೂ ಹುಡುಗಿಯರಿಗೆ. ಕೊಟ್ಟವರಿಗೆ ಹೇಳುವುದು ಅಪರೂಪ.

ಇದರ ತಾಲೀಮು ಕ್ಲಾಸ್ ಲೀಡರ್ ಹುದ್ದೆಯಲ್ಲೇ ಶುರುವಾಗಿರುತ್ತದೆ. ಮೇಷ್ಟ್ರು ಆಫೀಸಿಗೆ ಹೋದಾಗ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದು ಲೀಡರ್ ಕೆಲಸ. ಗೆಳೆಯರ ಹೆಸರು ಬಿಟ್ಟು, ಆಗದವರ ಹೆಸರಿನ ಮುಂದೆ ಎರಡು ಗುಣಿಸು ಹಾಕುವುದನ್ನು ಐದನೇ ಕ್ಲಾಸಿನ ಮಗು ಯಾರೂ ಕಲಿಸದೆ ಕಲಿಯುತ್ತದೆ. ಅಧಿಕಾರ ಎಂದರೆ ಪಟ್ಟಿ ಮಾಡಿ ಮೇಲಿನವರಿಗೆ ಒಪ್ಪಿಸುವುದು ಎಂದು ಅದು ತಿಳಿಯುತ್ತದೆ. ನನ್ನ ಮಟ್ಟಿಗೆ, ಒಂದು ಶಾಲೆ ಈ ಒಂದು ಪದ್ಧತಿಯನ್ನು ಬಿಟ್ಟರೆ ವರ್ಷವಿಡೀ ನಡೆಸುವ ಮೌಲ್ಯ ಪೀರಿಯಡ್ಡಿಗಿಂತ ಹೆಚ್ಚು ಕೆಲಸವಾಗುತ್ತದೆ. ಲೀಡರ್‌ಗೆ ಬೇರೆ ಕೆಲಸ ಕೊಡಿ: ನಿನ್ನೆ ಬಾರದವರಿಗೆ ನೋಟ್ಸ್ ತಲುಪಿತೇ, ಆಟದ ಸಾಮಾನು ಇವತ್ತು ಯಾರ ಸರದಿ, ನೀರಿನ ಡ್ರಮ್ ತುಂಬಿದೆಯೇ. ಹುದ್ದೆ ಎರಡು ತಿಂಗಳಿಗೊಮ್ಮೆ ಬದಲಾಗಲಿ.

ಹಾಗೆಂದು ಹಿರಿಯರಿಗೆ ಮರ್ಯಾದೆ, ಗೆಳೆತನ, ತಾಳ್ಮೆಯ ಪಾಠವನ್ನೇ ಬಿಡಬೇಕೆಂದಲ್ಲ. ಪ್ರತಿಯೊಂದಕ್ಕೂ ಅದರ ಗಡಿಯನ್ನು ಸೇರಿಸಿ ಹೇಳಬೇಕು. ಚಾಡಿಗೂ ದೂರಿಗೂ ಇರುವ ವ್ಯತ್ಯಾಸವನ್ನು ಎಂಟನೇ ತರಗತಿಯಲ್ಲೇ ಬಿಡಿಸಿ ಹೇಳಬಹುದು: ಒಬ್ಬನನ್ನು ಸಿಕ್ಕಿಸಲು ಹೇಳಿದ್ದು ಚಾಡಿ, ಒಬ್ಬನನ್ನು ಬಿಡಿಸಲು ಹೇಳಿದ್ದು ದೂರು. ಮಕ್ಕಳಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆದರೆ ಮೊದಲ ದೂರು ತಂದ ಮಗುವಿಗೆ ನೀವು ‘ನಿಂಗ್ಯಾಕೋ ಊರ ಉಸಾಬರಿ?’ ಎಂದರೆ ಹೇಳಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಇನ್ನು ಜೊತೆಗೆ ಕೂತು ಉಂಡವರು ಆಮೇಲೆ ಏಕೆ ಬೇರೆಯಾಗುತ್ತಾರೆ ಎಂಬ ನಿಮ್ಮ ಮಾತು. 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಮನೋವಿಜ್ಞಾನಿ, ಬೇರೆ ಬೇರೆ ಸಮುದಾಯದವರು ಹತ್ತಿರವಿದ್ದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ, ನಾಲ್ಕು ಸ್ಥಿತಿಗಳು ಕೂಡಿಬರಬೇಕು ಎಂದರು: ಇಬ್ಬರಿಗೂ ಸಮಾನ ಸ್ಥಾನ, ಇಬ್ಬರಿಗೂ ಬೇಕಾದ ಒಂದು ಗುರಿ, ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗದ ಕೆಲಸ, ಮೇಲಿನವರ ಬೆಂಬಲ. ಬಿಸಿಯೂಟದ ಸಾಲಿನಲ್ಲಿ ಮೊದಲನೆಯದೂ ಕೊನೆಯದೂ ಇವೆ. ನಡುವಿನ ಎರಡು ಇಲ್ಲ, ತಟ್ಟೆಯಲ್ಲಿ ಇರುವುದನ್ನು ಪ್ರತಿಯೊಬ್ಬನೂ ತನ್ನಷ್ಟಕ್ಕೆ ಉಣ್ಣುತ್ತಾನೆ. ಸಾಲು ಎದ್ದ ಮೇಲೆ ತಟ್ಟೆ ತೊಳೆಯುವಾಗ ಯಾರು ಯಾರ ಪಕ್ಕ ನಿಲ್ಲುತ್ತಾರೆ ನೋಡಿ, ನಿಜವಾದ ಸ್ಥಿತಿ ಅಲ್ಲಿ ಕಾಣುತ್ತದೆ.

ಆ ನಡುವಿನ ಎರಡನ್ನು ಕ್ಲಾಸಿಗೆ ತರುವ ಒಳ್ಳೆಯ ಉಪಾಯ ಅಮೆರಿಕದ ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಕಂಡುಕೊಂಡ ‘ಜಿಗ್‌ಸಾ’ ವಿಧಾನ. ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಹೊಸದಾಗಿ ಒಂದೇ ಶಾಲೆಗೆ ಸೇರಿಸಿ ಗಲಾಟೆಯೆದ್ದಿದ್ದ ಕಾಲ ಅದು. ನಿಮ್ಮ ಕ್ಲಾಸಿಗೆ ಹೀಗೆ ಹೊಂದಿಸಿಕೊಳ್ಳಿ. 40 ಮಕ್ಕಳಿದ್ದರೆ ಐದೈದು ಜನರ 8 ತಂಡ. ಹೆಸರಿನ ಅಕ್ಷರ, ರೋಲ್ ನಂಬರ್ ನೋಡಿ ತಂಡ ಕಟ್ಟಬೇಡಿ. ಊರು, ಜಾತಿ, ಹುಡುಗ-ಹುಡುಗಿ, ಅಂಕ ಎಲ್ಲ ಕಲೆಯುವಂತೆ ನೀವೇ ಮನೆಯಲ್ಲಿ ಕೂತು ಬರೆದು ತನ್ನಿ. ವಿಷಯ ನಿಮ್ಮ ತಾಲೂಕಿನದೇ ಇರಲಿ, ಉದಾಹರಣೆಗೆ ಆಲೂರು-ಸಕಲೇಶಪುರ ಭಾಗದ ಕಾಡಾನೆ ಸಮಸ್ಯೆ. ಅದನ್ನು ಐದು ತುಂಡು ಮಾಡಿ, ತುಂಡಿಗೆ ಅರ್ಧ ಪುಟ: ಕಾಫಿ ತೋಟದವರ ಕಷ್ಟ, ಬೆಳಿಗ್ಗೆ ತೋಟಕ್ಕೆ ನಡೆದು ಹೋಗುವ ಕೂಲಿಯವರ ಭಯ, ಭತ್ತದ ಗದ್ದೆಯ ಸಣ್ಣ ರೈತ, ಅರಣ್ಯ ಇಲಾಖೆಯ ಕೆಲಸ, ಆನೆಗಳ ಓಡಾಟದ ದಾರಿ. ತಂಡದ ಪ್ರತಿ ಮಗುವಿಗೆ ಒಂದೇ ತುಂಡು ಸಿಗುತ್ತದೆ. 10 ನಿಮಿಷ ಓದು. ಮುಂದಿನ 10 ನಿಮಿಷ ಒಂದೇ ತುಂಡು ಸಿಕ್ಕವರು ಒಟ್ಟಿಗೆ ಕೂತು ಚರ್ಚೆ (ಎಂಟು ಜನ ಒಂದೇ ಕಡೆ ಕೂತರೆ ಹರಟೆಯಾಗುತ್ತದೆ, ನಾಲ್ಕು ನಾಲ್ಕಾಗಿ ಒಡೆಯಿರಿ). ಆಮೇಲೆ ತಮ್ಮ ತಂಡಕ್ಕೆ ವಾಪಸ್ ಬಂದು 15 ನಿಮಿಷ ಒಬ್ಬೊಬ್ಬರೂ ತಮ್ಮ ಭಾಗವನ್ನು ಹೇಳಿಕೊಡುವುದು. ಕೊನೆಯ 5 ನಿಮಿಷ ಎಲ್ಲ ಐದು ಭಾಗದ ಮೇಲೂ ಪುಟ್ಟ ಪರೀಕ್ಷೆ, ಅಂಕ ಅವರವರದೇ.

ಕೆಡುವುದು ಎಲ್ಲಿ ಎಂದರೆ, ತಂಡಕ್ಕೆಲ್ಲ ಒಂದೇ ಅಂಕ ಕೊಟ್ಟಾಗ. ಜಾಣರು ಎಲ್ಲವನ್ನೂ ತಾವೇ ಮಾಡಿ, ನಿಧಾನದವನನ್ನು ಶಪಿಸುತ್ತಾರೆ, ಇದ್ದ ಪೂರ್ವಗ್ರಹಕ್ಕೆ ಹೊಸ ಸಾಕ್ಷಿ ಸಿಗುತ್ತದೆ. ಎರಡನೆಯದು, ಒಂದು ತುಂಡು ಓದಿದರೆ ಉಳಿದದ್ದೂ ತಿಳಿಯುವಂತೆ ಬರೆದಾಗ. ಆಗ ಯಾರೂ ಯಾರಿಗೂ ಬೇಕಾಗುವುದಿಲ್ಲ. ಓದು ಬಾರದ ಮಗುವಿಗೆ ಅವನ ತುಂಡನ್ನು ಹಿಂದಿನ ದಿನವೇ ಕೊಟ್ಟು ಕಳಿಸಿ. ಗೈರುಹಾಜರಿ ಹೆಚ್ಚಿರುವ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತಂಡಕ್ಕೆ ಆರು ಜನ ಹಾಕಿ, ಒಂದು ತುಂಡು ಇಬ್ಬರಿಗೆ ಬರಲಿ. ತಂಡಗಳನ್ನು ಪ್ರತಿ ಸಲ ಬದಲಾಯಿಸಬೇಡಿ, ಆರೆಂಟು ವಾರ ಹಾಗೇ ಬಿಡಿ. ಜೊತೆಗಿದ್ದು ರೇಗಾಡಿ, ಮತ್ತೆ ರಾಜಿಯಾಗಲು ಅಷ್ಟು ಕಾಲ ಬೇಕು. ಮೊದಲ ಎರಡು ಸಲ ಗೊಂದಲವೇ ಆಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸುವವರೇ ಹೆಚ್ಚು.

ಜಗಳ ಬಗೆಹರಿಸುವ ಕೆಲಸವನ್ನೂ ಹೀಗೆಯೇ ರೂಢಿ ಮಾಡಿಸಬೇಕು. ಜಗಳವಾದ ಗಳಿಗೆಯಲ್ಲೇ ಕೂರಿಸಬೇಡಿ, ರಕ್ತ ಬಿಸಿ ಇರುತ್ತದೆ. ಮೂರನೇ ದಿನ ದಾಟಲೂ ಬಿಡಬೇಡಿ, ಅಷ್ಟರಲ್ಲಿ ಅದು ಮನೆ ಮುಟ್ಟಿ ಅಪ್ಪಂದಿರ ಜಗಳವಾಗಿರುತ್ತದೆ. ಇಬ್ಬರು ಮಕ್ಕಳು, ಅವರಿಬ್ಬರೂ ಒಪ್ಪಿದ ಒಬ್ಬ ಸಹಪಾಠಿ, ಒಬ್ಬ ಮೇಷ್ಟ್ರು, ಕುರ್ಚಿಗಳು ಒಂದೇ ಎತ್ತರದವು, 20-25 ನಿಮಿಷ. ಕೇಳುವುದು ನಾಲ್ಕೇ: ಏನಾಯಿತು? ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಇದರಿಂದ ಯಾರಿಗೆ ಏನು ತೊಂದರೆಯಾಯಿತು? ಸರಿಹೋಗಲು ಏನು ಮಾಡಬೇಕು? ‘ಯಾಕೆ ಮಾಡಿದೆ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಮಕ್ಕಳು ಸಬೂಬು ಕಟ್ಟುತ್ತಾರೆ. ‘ಸಾರಿ ಹೇಳು, ಕೈ ಕುಲುಕು’ ಎಂದು ಒತ್ತಾಯವನ್ನೂ ಮಾಡಬೇಡಿ. ಹರಿದ ಪುಸ್ತಕಕ್ಕೆ ಬೈಂಡ್ ಹಾಕಿಕೊಡುವುದು, ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂದೆ ತೆಗೆದುಕೊಳ್ಳುವುದು, ಇಂಥ ಒಂದು ಕೆಲಸ ಒಪ್ಪಿಸಿ. ವಾರ ಬಿಟ್ಟು ಅದು ಆಯಿತೇ ಎಂದು ವಿಚಾರಿಸಿ. ಹೆಚ್ಚಿನ ಕಡೆ ಈ ಕೊನೆಯ ವಿಚಾರಣೆಯೇ ಬಿಟ್ಟುಹೋಗುತ್ತದೆ.

ಒಂದು ಎಚ್ಚರ. ಲೈಂಗಿಕ ಕಿರುಕುಳ, ಜಾತಿ ಹಿಡಿದು ನಿಂದಿಸುವುದು, ಗಾಯವಾಗುವ ಹೊಡೆತ ಇವು ಈ ಕೂಟಕ್ಕೆ ಬರುವ ವಿಷಯಗಳಲ್ಲ. 2012ರ ಪೋಕ್ಸೋ ಕಾಯ್ದೆಯಡಿ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ವರದಿ ಮಾಡುವುದು ಕಡ್ಡಾಯ. ಅಲ್ಲಿ ರಾಜಿ ಪಂಚಾಯಿತಿ ಮಾಡಿಸಿದರೆ ಮಕ್ಕಳು ಕಲಿಯುವುದು, ದೊಡ್ಡ ಅನ್ಯಾಯವನ್ನು ನಯವಾಗಿ ಮುಚ್ಚಬಹುದು ಎಂಬುದನ್ನು.

ಹತ್ತನೇ ತರಗತಿಗೂ ಪದವಿಗೂ ನಡುವೆ ಪಿಯುಸಿಯ ಎರಡು ವರ್ಷಗಳಿವೆ. ನೀಟ್, ಸಿಇಟಿ, ಟ್ಯೂಷನ್ ಎಂದು ಪಕ್ಕದಲ್ಲಿ ಕೂತವನು ಪ್ರತಿಸ್ಪರ್ಧಿಯಾಗುವ ವರ್ಷಗಳು ಅವು. ಶಾಲಾ ಸಂಸತ್ತಿನಲ್ಲಿ ಮತ ಹಾಕಿ, ಸೋತು, ಗೆದ್ದವನ ಜೊತೆ ಕೆಲಸ ಮಾಡಿದ ಹುಡುಗನಿಗೆ ಅಲ್ಲಿಂದ ಮುಂದೆ ಆ ಅಭ್ಯಾಸಕ್ಕೆ ಜಾಗವೇ ಸಿಗುವುದಿಲ್ಲ. ಪದವಿಗೆ ಬಂದರೂ ಸಿಗುವುದಿಲ್ಲ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1989ರಲ್ಲಿ ನಿಂತವು, ಹಿಂಸೆ ತಡೆಯುವುದೇ ಕಾರಣವಾಗಿತ್ತು. ಕಾರಣ ಪೊಳ್ಳಲ್ಲ. ಆದರೆ ಅಂಕ ನೋಡಿ ಸಿ.ಆರ್. (ತರಗತಿ ಪ್ರತಿನಿಧಿ) ನೇಮಿಸುವ ಪದ್ಧತಿಯಲ್ಲಿ, ಸೋಲನ್ನು ಜೀರ್ಣಿಸಿಕೊಳ್ಳುವುದನ್ನು ಯಾರೂ ಕಲಿಯುವುದಿಲ್ಲ.

ಹಾಗಾಗಿ ಅರ್ಧ ಕೆಲಸ ಕಾಲೇಜಿನದು. ಹಾಸನದ ವಿಶ್ವವಿದ್ಯಾಲಯ ಆವರಣವಾದ ಹೇಮಗಂಗೋತ್ರಿಯಾಗಲಿ, ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಚಿಕ್ಕಮಗಳೂರಿನ ಕಾಲೇಜುಗಳಾಗಲಿ, ಮೊದಲ ಆರು ವಾರದಲ್ಲಿ ಏನು ಮಾಡುತ್ತವೆ ಎಂಬುದರ ಮೇಲೆ ಮೂರು ವರ್ಷ ನಿಂತಿರುತ್ತದೆ. ಹುಡುಗ ಗುಂಪು ಕಟ್ಟಿಕೊಳ್ಳುವುದು ಆಗಲೇ. ಹೊಸ ಊರು, ಇಂಗ್ಲಿಷ್ ಪಾಠ, ಮನೆಯ ನೆನಪು. ಕನ್ನಡ ಮಾಧ್ಯಮದಿಂದ ಬಂದವನಿಗೆ ಕ್ಲಾಸಿನಲ್ಲಿ ಬಾಯಿ ಬಿಡಲು ಅಂಜಿಕೆ. ತನ್ನ ಊರಿನವನೋ ಜಾತಿಯವನೋ ಒಬ್ಬ ಸೀನಿಯರ್ ‘ನಮ್ಮ ಹುಡ್ಗ ಕಣೋ’ ಎಂದು ಹೆಗಲ ಮೇಲೆ ಕೈ ಹಾಕಿದರೆ ಅವನಿಗೆ ಅದೇ ಆಸರೆ. ಆ ಆಸರೆಯನ್ನು ಕಾಲೇಜು ಮೊದಲೇ ಬೇರೆ ರೂಪದಲ್ಲಿ ಕೊಟ್ಟರೆ ಗುಂಪಿನ ಅಗತ್ಯ ಕಡಿಮೆಯಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ: ಆರು ಹೊಸಬರಿಗೆ ಒಬ್ಬ ಮೆಂಟರ್, ಅಂಥ ಆರು ಮೆಂಟರ್‌ಗಳ ಮೇಲೆ ಇನ್ನೊಬ್ಬ ಹಿರಿಯ ಮೆಂಟರ್. ರ‍್ಯಾಗಿಂಗ್ ಅಫಿಡವಿಟ್ ಎಲ್ಲ ಕಡೆ ಬರೆಸಿಕೊಳ್ಳುತ್ತಾರೆ, ಆರಕ್ಕೊಬ್ಬ ಮೆಂಟರ್ ಮಾತ್ರ ಕಾಗದದಲ್ಲೇ ಉಳಿಯುವುದು ಹೆಚ್ಚು. ವಾರಕ್ಕೆ ಅರ್ಧ ಗಂಟೆ, ಊರು-ಜಾತಿ ಕಲೆಸಿದ ಆರು ಜನ, ಆರು ವಾರ: ಇಷ್ಟು ಸಾಕು.

ಹಾಸ್ಟೆಲಿನ ಜಗಳಗಳ ಬೇರು ಬಹಳ ಸಲ ಸಿದ್ಧಾಂತದಲ್ಲಿರುವುದಿಲ್ಲ, ಬಚ್ಚಲಲ್ಲಿ ಇರುತ್ತದೆ. ಬಿಸಿನೀರು ಯಾರಿಗೆ ಮೊದಲು, ರಾತ್ರಿ ಲೈಟ್ ಎಷ್ಟು ಗಂಟೆಗೆ ಆರಬೇಕು, ಮೊಬೈಲ್ ಸದ್ದು, ಕೇಳದೆ ತೆಗೆದುಕೊಂಡ ಚಪ್ಪಲಿ, ಯಾರ ಹಬ್ಬಕ್ಕೆ ಯಾವ ಅಡುಗೆ. ರೂಮು ಸೇರಿದ ಮೊದಲ ವಾರದಲ್ಲೇ ರೂಮಿನವರು ಕೂತು ಒಂದು ಪುಟದ ಒಪ್ಪಂದ ಬರೆದು ಬಾಗಿಲ ಹಿಂದೆ ಅಂಟಿಸಿ, ನಾಲ್ಕು ವಾರದ ಮೇಲೆ ತಿದ್ದಲಿ. ವಾರ್ಡನ್ ಬರೆದುಕೊಟ್ಟ ನಿಯಮಕ್ಕೆ ಈ ಬೆಲೆ ಬರುವುದಿಲ್ಲ.

ಎನ್‌ಎಸ್‌ಎಸ್‌ನ ಏಳು ದಿನದ ಹಳ್ಳಿ ಶಿಬಿರದಲ್ಲಿ ಆಲ್‌ಪೋರ್ಟ್ ಹೇಳಿದ ನಾಲ್ಕೂ ಸ್ಥಿತಿಗಳು ತಾವಾಗಿಯೇ ಕೂಡಿಬರುತ್ತವೆ, ಕೆಡಿಸಿಕೊಳ್ಳದಿದ್ದರೆ. ಹುಡುಗಿಯರಿಗೆ ಅಡುಗೆ-ರಂಗೋಲಿ, ಹುಡುಗರಿಗೆ ಗುದ್ದಲಿ ಎಂದು ಹಂಚಿದ ದಿನವೇ ಅದು ಕೆಟ್ಟಿತು. ಅಡುಗೆ ತಂಡ ದಿನಾ ಬದಲಾಗಬೇಕು, ಎಲ್ಲರ ಕೈಯಡುಗೆ ಎಲ್ಲರೂ ಉಣ್ಣಬೇಕು.

ಶಾಲೆಯ ಅಭ್ಯಾಸ ಎಷ್ಟು ಗಟ್ಟಿಯಾದರೂ ಅದಕ್ಕೊಂದು ಮಿತಿಯಿದೆ. 2022ರ ಫೆಬ್ರವರಿಯಲ್ಲಿ ಹಿಜಾಬ್-ಶಾಲಿನ ವಿವಾದ ರಾಜ್ಯದ ಕಾಲೇಜುಗಳಿಗೆ ಹರಡಿದಾಗ ಚಿಕ್ಕಮಗಳೂರು ಜಿಲ್ಲೆಗೂ ಬಂತು. ಸರ್ಕಾರ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಕೊಡಬೇಕಾಯಿತು. ಒಂದೇ ಬೆಂಚಿನವರು ಎದುರುಬದುರು ನಿಂತರು. ಹೊರಗಿನಿಂದ ಅಂಥ ಬಿರುಸು ಬಂದಾಗ ಗೆಳೆತನವೊಂದೇ ಸಾಲದು. ಸುದ್ದಿ ನಿಜವೇ ಎಂದು ನೋಡುವ ರೂಢಿ, ತನ್ನ ಗುಂಪಿಗೇ ‘ಇದು ಬೇಡ’ ಎನ್ನುವ ಎದೆ, ಕೂತು ಮಾತಾಡಲು ಕಾಲೇಜಿನೊಳಗೆ ಒಂದು ವೇದಿಕೆ ಬೇಕು. ಮೊದಲ ಎರಡನ್ನು ನೀವು ಕಲಿಸಬಹುದು: ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಬಂದ ಒಂದು ಫಾರ್ವರ್ಡ್ ತಂದು, ಇದನ್ನು ಮೊದಲು ಹೇಳಿದವರು ಯಾರು, ಫೋಟೋ ಯಾವ ಊರಿನದು, ಯಾವ ವರ್ಷದ್ದು ಎಂದು ಮಕ್ಕಳಿಂದಲೇ ಹುಡುಕಿಸಿ. ಮೂರನೆಯದು ನಿಮ್ಮ ಕೈಯಲ್ಲಿಲ್ಲ.

ಶಾಂತಿ ಸಂಘ ಬೇಡ. ಎನ್‌ಸಿಇಆರ್‌ಟಿಯ ಶಾಂತಿ ಶಿಕ್ಷಣದ ತಜ್ಞರ ತಂಡವೂ 2006ರ ತನ್ನ ನಿಲುವು ಪತ್ರದಲ್ಲಿ, ಇದು ಪ್ರತ್ಯೇಕ ವಿಷಯವಾಗದೆ ಎಲ್ಲ ಪಾಠದಲ್ಲಿ, ಶಾಲೆಯ ದಿನಚರಿಯಲ್ಲಿ ಬೆರೆಯಬೇಕೆಂದೇ ಹೇಳಿತು. ಸಂಘ ಮಾಡಿದರೆ ಒಳ್ಳೆಯ ಮಕ್ಕಳು ಸೇರುತ್ತಾರೆ, ಬ್ಯಾನರ್ ಬರುತ್ತದೆ, ಅಕ್ಟೋಬರ್ 2ಕ್ಕೆ ಭಾಷಣ ಸ್ಪರ್ಧೆ ನಡೆಯುತ್ತದೆ. ಇರುವ ಶಾಲಾ ಸಂಸತ್ತಿಗೇ ಒಂದು ನಿಜವಾದ ಅಧಿಕಾರ ಕೊಡಿ. ಆಟದ ಸಾಮಾನಿನ ಹಂಚಿಕೆಯೋ ಪ್ರವಾಸದ ಊರಿನ ಆಯ್ಕೆಯೋ, ಅವರ ತೀರ್ಮಾನ ನಿಮಗೆ ಹಿಡಿಸದಿದ್ದರೂ ಆ ವರ್ಷ ಅದೇ ನಡೆಯಲಿ.

ಫಲ ಬಂತೇ ಎಂದು ತಿಳಿಯಲು ‘ನಿನಗೆ ಶಾಂತಿ ಇಷ್ಟವೇ?’ ಎಂಬ ಪ್ರಶ್ನಾವಳಿ ಹಂಚಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಮಕ್ಕಳೇ ತಂದ ದೂರುಗಳನ್ನು ತಿಂಗಳಿಗೊಮ್ಮೆ ಎಣಿಸಿ. ಮೊದಲ ವರ್ಷ ಅವು ಹೆಚ್ಚಬೇಕು, ಹೆಡ್‌ಮಾಸ್ಟರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ‘ಇದೇನ್ರೀ ಹೊಸ ತಲೆನೋವು?’ ಎನ್ನುತ್ತಾರೆ. ಜೊತೆಗೆ, ಒಂದು ಜಗಳ ಮುಗಿಯಲು ಎಷ್ಟು ದಿನ ಹಿಡಿಯಿತು, ಊಟದ ಬಿಡುವಿನಲ್ಲಿ ತಾವಾಗಿ ಯಾರು ಯಾರ ಜೊತೆ ಕೂರುತ್ತಾರೆ, ಇವೆರಡನ್ನು ಬರೆದಿಡಿ.

ದಸರಾ ರಜೆಗೆ ಊರಿಗೆ ಬಂದ ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಮೂರು ನಾಲ್ಕು ಜನರನ್ನು, ಬರೀ ಟಾಪರ್‌ಗಳನ್ನಲ್ಲ, ಶಾಲೆ ಮತ್ತೆ ಶುರುವಾದ ಮೇಲೆ ಒಂದು ಪೀರಿಯಡ್ ಕರೆಸಿ. ಹತ್ತನೆಯವರು ಚೀಟಿಯಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆಯಲಿ. ಭಾಷಣ ಮಾಡಿಸಬೇಡಿ. ಹಾಸ್ಟೆಲಿನ ಮೊದಲ ವಾರ ಹೇಗಿತ್ತು, ಯಾರು ನೆರವಾದರು ಎಂದಷ್ಟೇ ಮಾತಾಡಲಿ. ಶಾಲೆ ಬಿಟ್ಟು ಹೋಗುವವರ ಕೈಗೆ ರ‍್ಯಾಗಿಂಗ್ ಸಹಾಯವಾಣಿಯ ನಂಬರ್ 1800-180-5522 ಬರೆದುಕೊಡಿ. ಸಂಸ್ಥೆ ತಾನು ರ‍್ಯಾಗಿಂಗ್ ಸುದ್ದಿ ತಿಳಿದ 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು, ಜಾತಿ, ಬಣ್ಣ, ಭಾಷೆ, ಊರು ಹಿಡಿದು ಕಾಡುವುದೂ 2016ರ ತಿದ್ದುಪಡಿಯ ಪ್ರಕಾರ ರ‍್ಯಾಗಿಂಗೇ ಎಂಬುದನ್ನೂ ಹೇಳಿ ಕಳಿಸಿ. ಜೂನಿಯರ್ ಆಗಿ ಹೋಗುವಾಗ ಹೇಳಿದ್ದನ್ನೇ, ಅವರು ಸೀನಿಯರ್ ಆದ ವರ್ಷ ಫೋನ್ ಮಾಡಿ ಇನ್ನೊಂದು ಸಲ ಹೇಳಿ.